ನಾಳೆ ಅಮಾಸಿ

೫ ನವೆಂಬರ್ ೨೦೦೧, ಸೋಮವಾರ

ಬೆಳಿಗ್ಗೆ ಅಪ್ಪ, ಅವ್ವ ಇಬ್ಬರೂ ಮಂದೆ ಹೊಡೆದುಕೊಂಡು ಹೊರಟುಹೋದರು. ಭದ್ರಾ ನಾಲೆಯ ಕಡೆ ಭತ್ತ ಕೊಯ್ದ ಗದ್ದೆಗಳಲ್ಲಿ ಕುರಿ ಮೇಯಿಸಿಕೊಂಡು ಶಿವರಾತ್ರಿಗೆ ಮುಂಚೆ ತಿರುಗಿ ಬರುತ್ತಾರೆ. ಪ್ರತಿ ವರ್ಷ ಅವ್ವ ಹಟ್ಟಿಯಲ್ಲೇ ಉಳಿಯುತ್ತಿದ್ದಳು. ಈ ಸಲ ಅಪ್ಪನಿಗೆ ಜೊತೆಯಾಳು ಸಿಗಲಿಲ್ಲ. ಹೀಗಾಗಿ ಅಷ್ಟು ದೂರ ನಡೆಯಲಾರದ ನಲವತ್ತೊಂದು ಮರಿಗಳು, ಒಂಬತ್ತು ತಾಯಿಕುರಿಗಳು ನನ್ನ ಪಾಲಿಗೆ ಬಂದಿವೆ. ಅಜ್ಜಿಯೂ.

ಹೊರಡುವಾಗ ಅಪ್ಪ ಕಂಬಳಿ ಹೆಗಲಿಗೆ ಹಾಕಿಕೊಳ್ಳುತ್ತ, ನನ್ನ ಮುಖ ನೋಡದೆ, ಕುರಿ ಕೂಡುವ ರೊಪ್ಪದ ಮುಳ್ಳುಬೇಲಿಗೆ ಹೇಳುವವನಂತೆ ಹೇಳಿದ.

"ಓದಿದೀನಿ ಓದಿದೀನಿ ಅಂತೀಯಲ್ಲ, ನಾನು ಬರೋವರ್ಗೂ ಈ ಮರಿ ಕಾದು ತೋರ್ಸು. ಬಿ.ಎಡ್ಡಿಗೆ ಹಾಕ್ತೀನಿ. ಒಂದು ರೊಪ್ಪ ನೋಡ್ಕೊಳಾಕೆ ಆಗ್ಲಿಲ್ಲ ಅಂದ್ರೆ ನಿಮ್ಮ ಮಾವನ ಮಗ ಕಾಯ್ತಾ ಐದಾನೆ."

ಹೂಂ ಅಂದೆ. ಅಪ್ಪನ ಮುಂದೆ ನನಗೆ ಅದೊಂದೇ ಮಾತು ಬರುವುದು. ಚಳ್ಳಕೆರೆಯ ಕಾಲೇಜಿನಲ್ಲಿ ಮೂರು ವರ್ಷ ಕನ್ನಡ ಸಾಹಿತ್ಯ ಓದಿದೆ. ಹಾಜರಿ ಕೂಗಿದಾಗ ಬಿಟ್ಟರೆ ನನ್ನ ದನಿ ಯಾರೂ ಕೇಳಿದ್ದಿಲ್ಲ. ಮಾವನ ಮಗ ಮಾತ್ರ ಕೇಳಿದ್ದಾನೆ. ಹೋದ ವರ್ಷ ಹಬ್ಬಕ್ಕೆ ಬಂದವನು ನನ್ನ ಪುಸ್ತಕದ ಹಾಳೆ ಹರಿದು ಬೀಡಿ ಹಚ್ಚಿಕೊಂಡ. ಆಗ 'ಅಯ್ಯೋ' ಅಂದಿದ್ದೆ.

ತಾಯಂದಿರು ಮಂದೆಯ ಜೊತೆ ಹೋದ ಮರಿಗಳು ಮಧ್ಯಾಹ್ನದವರೆಗೂ ಕೂಗಿದವು. ಆಮೇಲೆ ಒಂದೊಂದಾಗಿ ಮರೆತವು. ಯಾವುದು ಯಾವ ಹೊತ್ತಿಗೆ ಮರೆಯಿತು ಎಂದು ನೋಡುತ್ತ ಕೂತಿದ್ದೆ. ಕೊನೆಗೆ ಉಳಿದದ್ದು ಒಂದು ಕರಿ ಮರಿ. ಅದನ್ನು ಮಡಿಲಲ್ಲಿ ಹಾಕಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

೯ ನವೆಂಬರ್, ಶುಕ್ರವಾರ

ರೊಪ್ಪದ ಒಂದು ಮೂಲೆ ಕುಸಿದಿತ್ತು. ಪಕ್ಕದ ಗುಡಿಸಲಿನ ಚಿಕ್ಕಕ್ಕ ಬಂದು ನಿಲ್ಲಿಸಿಕೊಟ್ಟಳು. ಚಿಕ್ಕಕ್ಕ ಅಂತಲೇ ಅವಳ ಹೆಸರು, ವಯಸ್ಸು ಮೂವತ್ತೈದು ಇರಬಹುದು. ಗಂಡ ಸತ್ತು ಆರು ವರ್ಷವಾಯಿತು. ಮಕ್ಕಳಿಲ್ಲ. ಎರಡು ಮೇಕೆ ಮತ್ತು ದೊಡ್ಡ ಬಾಯಿ, ಇಷ್ಟು ಅವಳ ಆಸ್ತಿ.

ಬಳ್ಳಾರಿ ಜಾಲಿಯ ಕೊಂಬೆಗಳನ್ನು ಇಬ್ಬರೂ ಎಳೆದು ತಂದೆವು. ನಾನು ಇಟ್ಟದ್ದನ್ನು ನೋಡಿ ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು.

"ಬುಡ ಒಳಕ್ಕೆ, ತುದಿ ಹೊರಕ್ಕೆ ಕಣವ್ವಾ. ಬಿ.ಎ. ಮಾಡಿದೋರು ಉಲ್ಟಾ ಇಡ್ತೀರಿ. ಮರಿ ಕಣ್ಣು ಕಿತ್ಕೊಂಡು ಹೋದ್ರೆ ಯಾವ ಪುಸ್ತಕದಾಗೆ ಹುಡುಕ್ತೀಯಾ?"

ಒಂದು ಸಾಲು ಕೊಂಬೆ ಹಾಸಿ ಬುಡದ ಮೇಲೆ ಕಲ್ಲು ಹೇರಬೇಕು. ಅದರ ಮೇಲೆ ಅಡ್ಡಡ್ಡ ಇನ್ನೊಂದು ಸಾಲು. ಕವೆಗೋಲಿನಿಂದ ಒತ್ತಿ ಒತ್ತಿ ಮುಳ್ಳಿಗೆ ಮುಳ್ಳು ಹೆಣೆಯಬೇಕು. ತೋಳ ಹಾರುವುದಕ್ಕಿಂತ ತೋಡುವುದೇ ಹೆಚ್ಚಂತೆ, ಅದಕ್ಕೇ ಬೇಲಿಯ ಕೆಳಗಿನ ಕಲ್ಲು ಅಲುಗಬಾರದು. ಬಾಗಿಲೆಂದರೆ ಎರಡು ಗಳಕ್ಕೆ ಬಿಗಿದ ಮುಳ್ಳಿನ ಕಂಟಿ. ಅದನ್ನು ಕಟ್ಟುವ ಗಂಟು ಬೇರೆಯೇ ಇದೆ. ಎರಡು ಸುತ್ತು ಸುತ್ತಿ, ಬಾಲವನ್ನು ಒಳಗೆ ತೂರಿಸಿ, ಹಿಂದಕ್ಕೆ ಮಡಚುವುದು. ಗೊತ್ತಿದ್ದವರಿಗೆ ಒಂದೇ ಎಳೆತ, ಗೊತ್ತಿಲ್ಲದವರಿಗೆ ಅರ್ಧ ಗಂಟೆ. ಹದಿನೈದು ವರ್ಷದ ಹಿಂದೆ ಮದುವೆಯಾಗಿ ಬಂದ ಹೊಸದರಲ್ಲಿ ಚಿಕ್ಕಕ್ಕ ಅದನ್ನು ನಮ್ಮಜ್ಜಿಯಿಂದಲೇ ಕಲಿತಳಂತೆ. ಇವತ್ತು ನನಗೆ ಕಲಿಸಿದಳು.

ಮುಳ್ಳು ತಾಗಿ ಒಂದು ಮರಿಯ ಕಿವಿ ಹರಿಯಿತು. ಅರಿಶಿನ ಹಚ್ಚಿದೆ. ಅದು ತಲೆ ಕೊಡವಿದಾಗ ರಕ್ತ ನನ್ನ ತುಟಿಗೆ ಸಿಡಿಯಿತು. ಇವತ್ತು ಊಟ ಸೇರಲಿಲ್ಲ.

ಅಜ್ಜಿಗೆ ಎಂಬತ್ತು ದಾಟಿದೆ. ಹೆಸರು ಪಾಲಮ್ಮ. ರಾಯದುರ್ಗದ ಕಡೆಯ ಹೆಣ್ಣು, ಮಾತು ಅರ್ಧ ತೆಲುಗು ಅರ್ಧ ಕನ್ನಡ. ಹೋದ ವರ್ಷದಿಂದ ನೆನಪು ಸೋರುತ್ತಿದೆ. ಉಂಡದ್ದು ಮರೆಯುತ್ತಾಳೆ, ಗಂಡ ಸತ್ತದ್ದು ಮರೆಯುತ್ತಾಳೆ. ಆದರೆ ದಿನಕ್ಕೆ ಇಪ್ಪತ್ತು ಸಲ ಒಂದು ಮಾತು ಕೇಳುವುದನ್ನು ಮರೆಯುವುದಿಲ್ಲ: "ಇವತ್ತು ಅಮಾಸೀನಾ?"

ಚಿಕ್ಕಕ್ಕ ಬಿಡುವಾದಾಗಲೆಲ್ಲ ಬಂದು ಅಜ್ಜಿಯ ಹತ್ತಿರ ಕೂರುತ್ತಾಳೆ. ಯಾವಾಗಲೂ ಒಂದೇ ಉತ್ತರ ಕೊಡುತ್ತಾಳೆ: "ನಾಳೆ ಅಮಾಸಿ ಅತ್ತೇ." ಅಜ್ಜಿ 'ಹಂಗಾರೆ ನಾಳೆ' ಅಂದುಕೊಂಡು ಮಲಗುತ್ತಾಳೆ. ಇಪ್ಪತ್ತನೇ ಸಲ ಕೇಳಿದರೂ ಚಿಕ್ಕಕ್ಕನ ದನಿ ಮೊದಲ ಸಲ ಕೇಳಿಸಿಕೊಂಡವಳ ಹಾಗೇ ಇರುತ್ತದೆ. ಅಮಾವಾಸ್ಯೆಯ ಚಿಂತೆ ಯಾಕೋ ಅವಳಿಗೂ ಗೊತ್ತಿಲ್ಲ. ಹಳೇ ಹರಕೆ ಏನೋ ಇರಬೇಕು ಅಂದಳು.

೧೫ ನವೆಂಬರ್, ಗುರುವಾರ

ದೀಪಾವಳಿ ಅಮಾವಾಸ್ಯೆ. ಅಜ್ಜಿ ಕೇಳಿದಳು, ಹೌದು ಅಂದೆ.

ಸಂಜೆ ಕರೆಂಟು ಬಂದಾಗ ಬೋರಿನ ಹತ್ತಿರ ಸಾಲು ದೊಡ್ಡದಿತ್ತು. ಎರಡು ಕೊಡ ತುಂಬಿಕೊಂಡು ಬಂದು ಮರಿ ಎಣಿಸಿದೆ. ನಲವತ್ತು. ಮೂರು ಸಲ ಎಣಿಸಿದೆ. ಇಲ್ಲದ್ದು ಕಿವಿ ಹರಿದ ಮರಿ. ಬೇಲಿ ಎಲ್ಲೂ ಸಡಿಲವಿಲ್ಲ, ಬಾಗಿಲಿನ ಗಂಟು ಹಾಗೇ ಇದೆ. ಚಿಕ್ಕಕ್ಕನೂ ನಾನೂ ಗುಡ್ಡದ ಬುಡದವರೆಗೆ ಕೂಗಿಕೊಂಡು ಹೋದೆವು. ಜಟಿಂಗರಾಮನ ಗುಡ್ಡದ ಮೇಲೆ ಯಾರೋ ದೀಪ ಹಚ್ಚಿದ್ದರು. ನನಗೆ ಅಳು ತಡೆಯಲಿಲ್ಲ. ಚಿಕ್ಕಕ್ಕ ಸೆರಗಿನಿಂದ ನನ್ನ ಮೂಗು ಒರೆಸಿದಳು, ಚಿಕ್ಕ ಮಕ್ಕಳಿಗೆ ಒರೆಸುವ ಹಾಗೆ.

೨೩ ನವೆಂಬರ್, ಶುಕ್ರವಾರ

ಮೂವತ್ತೆಂಟು. ಸೋಮವಾರ ಒಂದು ಹೋಯಿತು, ನಿನ್ನೆ ಒಂದು. ಗಂಟು ಹಾಗೇ ಇದೆ.

ಬೇಲಿಯ ಸುತ್ತ ಮಂಡಿಯೂರಿ ನೋಡಿದೆ. ಒಂದು ಬೆಕ್ಕು ತೂರುವಷ್ಟೂ ಸಂದಿಲ್ಲ. ಹೆಜ್ಜೆ ಗುರುತಿಲ್ಲ, ಉಣ್ಣೆ ಸಿಕ್ಕಿಕೊಂಡಿಲ್ಲ. ಅಪ್ಪ ಬಂದು ಎಣಿಸುವುದೇ ಕಣ್ಣ ಮುಂದೆ ಬರುತ್ತದೆ. ಅಪ್ಪ ಬೆರಳು ಮಡಚದೆ, ತುಟಿ ಅಲ್ಲಾಡಿಸದೆ ಎಣಿಸುತ್ತಾನೆ.

ಇದರ ನಡುವೆ ಅಜ್ಜಿಯ ಕಾಟ. ಚಿಕ್ಕಕ್ಕನ ಹಾಗೆ 'ನಾಳೆ' ಎನ್ನಲು ನನಗೆ ಬರುವುದಿಲ್ಲ, ಅದು ಸುಳ್ಳು. ಇಲ್ಲ ಅಜ್ಜಿ, ಆಗಲೇ ಆಗಿಹೋಯಿತು ಎಂದರೆ ಯಾವಾಗ ಆಯಿತು, ನನಗ್ಯಾಕೆ ಹೇಳಲಿಲ್ಲ ಎಂದು ರಾಗ ಎಳೆಯುತ್ತಾಳೆ. ಸೋಮವಾರವೂ ನಿನ್ನೆಯೂ ತಲೆ ಚಿಟ್ಟು ಹಿಡಿದು 'ಹೂಂ, ಇವತ್ತೇ ಅಮಾಸಿ' ಅಂದುಬಿಟ್ಟೆ. ಹಾಗಂದರೆ ತಟ್ಟನೆ ಸುಮ್ಮನಾಗುತ್ತಾಳೆ. ನಾನು ಕೊಡ ತೆಗೆದುಕೊಂಡು ನೀರಿಗೆ ಹೋಗಬಹುದು.

೩ ಡಿಸೆಂಬರ್, ಸೋಮವಾರ

ಮೂವತ್ತಾರು.

ಇವತ್ತು ಏಕಾಂತಪ್ಪ ಬಂದಿದ್ದರು. ನಮ್ಮ ಹಟ್ಟಿಯ ಸುತ್ತ ಇರುವ ಹೊಲಗಳೆಲ್ಲ ಅವರವು. ಯಾರ ಜಗಳವಾದರೂ ಗುಡಿಯ ಮುಂದಿನ ಕಟ್ಟೆಯ ಮೇಲೆ ಕೂತು ನ್ಯಾಯ ಹೇಳುವುದು ಅವರೇ. ರೊಪ್ಪವನ್ನು ಒಂದು ಸುತ್ತು ಹಾಕಿ, ಗಂಟನ್ನು ಕೋಲಿನ ತುದಿಯಿಂದ ಎತ್ತಿ ನೋಡಿದರು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ.

"ಇದು ನಾಲ್ಕು ಕಾಲಿನ ತೋಳ ಅಲ್ಲಮ್ಮ, ಎರಡು ಕಾಲಿಂದು. ತಿಂದ ಮೇಲೆ ಬಾಗಿಲು ಕಟ್ಟಿ ಹೋಗೋ ತೋಳನ ನಾನು ನೋಡಿಲ್ಲ. ಈ ಗಂಟು ಯಾರ್ಯಾರಿಗೆ ಬರ್ತೈತೆ?"

"ನನಗೆ," ಅಂದೆ. ಅವರು ಕಾಯುತ್ತಿದ್ದರು. "ಚಿಕ್ಕಕ್ಕನಿಗೆ."

ಎಲೆಯಡಿಕೆ ಉಗಿದು ಹೋದರು. ಹೊರಗಿನ ಗಂಡಸರ ಪ್ರಶ್ನೆಗೆ ನಾನು ಉತ್ತರ ಕೊಟ್ಟದ್ದು ಇದೇ ಮೊದಲಿರಬೇಕು. ಆಮೇಲೆ ಯೋಚಿಸಿದೆ. ನಾನು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ.

೮ ಡಿಸೆಂಬರ್, ಶನಿವಾರ

ಮೂವತ್ತೈದು.

ಚಿಕ್ಕಕ್ಕ ಬೆಳಿಗ್ಗೆ ರೊಪ್ಪದ ಒಳಗೆ ಬರಲಿಲ್ಲ. ಬೇಲಿಯ ಆಚೆ ನಿಂತೇ ಮರಿಗಳಿಗೆ ಶೇಂಗಾ ಹೊಟ್ಟು ಹೇಗೆ ಹಾಕಬೇಕೆಂದು ಹೇಳಿದಳು. ಯಾಕೆಂದು ಕೇಳಿದ್ದಕ್ಕೆ ದನಿ ತಗ್ಗಿಸಿ, ತಾನು ಮುಟ್ಟಾಗಿದ್ದೇನೆ ಅಂದಳು. ನಮ್ಮ ಹಟ್ಟಿಯಲ್ಲಿ ಮುಟ್ಟಾದವರು ಊರ ಹೊರಗಿನ ಗುಡಿಸಲಲ್ಲಿ ಇರಬೇಕು. ಅಷ್ಟು ದಿನ ಹೊರಗೆ ಕೂತರೆ ಅವಳ ಮೇಕೆಗೆ ಸೊಪ್ಪು ತರುವವರಿಲ್ಲ, ಕೂಲಿಯೂ ಇಲ್ಲ. ಹೀಗಾಗಿ ಯಾರಿಗೂ ಹೇಳುವುದಿಲ್ಲ. ಗುಡಿಯ ಕಡೆಗೆ, ಕುರಿಯ ಕಡೆಗೆ ಸುಳಿಯದೆ ದಿನ ಕಳೆಯುತ್ತಾಳೆ. "ನಿನ್ನ ಹೊಟ್ಟೇಲಿ ಇಟ್ಕೋ ಪುಷ್ಪಾ, ಗೊತ್ತಾದ್ರೆ ದಂಡ ಹಾಕ್ತಾರೆ," ಅಂದಳು.

ಸಂಜೆ ಅವಳ ಒಲೆಯಿಂದ ಸಾರಿನ ವಾಸನೆ ಬಂತು. ಬದನೆಕಾಯಿಯದಿರಬಹುದು. ಬಹಳ ಹೊತ್ತು ಮೂಸಿ ನೋಡಿದೆ.

೧೦ ಡಿಸೆಂಬರ್, ಸೋಮವಾರ

ಏಕಾಂತಪ್ಪ ನ್ಯಾಯ ಸೇರಿಸಿದ್ದರು. ಕಟ್ಟೆಯ ಮೇಲೆ ಹದಿನೈದು ಇಪ್ಪತ್ತು ಗಂಡಸರು. ಹೆಂಗಸರೆಂದರೆ ಚಿಕ್ಕಕ್ಕ, ನಾನು ಇಬ್ಬರೇ. ಅವಳನ್ನು ಕೆಳಗೆ ನಿಲ್ಲಿಸಿದ್ದರು. ನನ್ನನ್ನು ಬೇವಿನ ಮರಕ್ಕೆ ಒರಗಿ ನಿಂತುಕೋ ಅಂದರು.

ನಾನೇನೂ ಹೇಳಬೇಕಾಗಲಿಲ್ಲ. ಗಂಟಿನ ವಿಷಯ ಅವರೇ ಹೇಳಿದರು. ಚಿಕ್ಕಕ್ಕ ಮೊದಲು ನಕ್ಕಳು. ಆರು ಮರಿ ತಿಂದಿದ್ದರೆ ನನ್ನ ಮೈ ಹೀಗಿರುತ್ತಿತ್ತಾ ನೋಡಿ ಎಂದು ತನ್ನ ತೋಳು ತೋರಿಸಿದಳು. ಒಬ್ಬಿಬ್ಬರು ನಕ್ಕರು ಕೂಡ. ಆಗ ಏಕಾಂತಪ್ಪ, ಹಾಗಾದರೆ ಗುಡಿಯೊಳಗೆ ಹೋಗಿ ದೇವರ ಮುಂದಿನ ದೀಪ ಆರಿಸಿ ಆಣೆ ಮಾಡಿಬಿಡು, ಮಾತು ಮುಗಿಯಿತು ಅಂದರು.

ಚಿಕ್ಕಕ್ಕನ ನಗು ನಿಂತಿತು. ಇವತ್ತು ಬೇಡ, ಮುಂದಿನ ಸೋಮವಾರ ಖಂಡಿತ ಮಾಡುತ್ತೇನೆ ಅಂದಳು.

"ಸುಳ್ಳಿಗೆ ಸಿದ್ಧತೆ ಬೇಕು. ಸತ್ಯಕ್ಕೆ ಮುಂದಿನ ಸೋಮವಾರ ಯಾಕಮ್ಮಾ?"

"ಇವತ್ತು ಗುಡಿ ಹತ್ತಾಕೆ ಆಗಲ್ಲ ಸ್ವಾಮಿ."

"ಯಾಕಾಗಲ್ಲ? ಬಾಯಿಬಿಟ್ಟು ಹೇಳು. ದಿನಾ ಇರೋ ಬಾಯಿ ಇವತ್ತೆಲ್ಲಿ ಹೋತು?"

ಅವಳು ನನ್ನ ಕಡೆ ನೋಡಿದಳು. ಎಲ್ಲರೂ ನೋಡಿದರು. ಬೇವಿನ ಮರದ ತೊಗಟೆಯಲ್ಲಿ ಕೆಂಪಿರುವೆ ಸಾಲು ಹೋಗುತ್ತಿತ್ತು. ಒಂದು ಇರುವೆ ಸತ್ತ ಇನ್ನೊಂದನ್ನು ಹೊತ್ತಿತ್ತು. ಅದು ಕೊಂಬೆಯ ಕವಲಿಗೆ ತಲುಪುವವರೆಗೂ ನೋಡಿದೆ. ಅಷ್ಟು ಗಂಡಸರ ಮುಂದೆ ಆ ಮಾತನ್ನು ನಾನು ಹೇಗೆ ಆಡಲಿ? ಆಡಿದ್ದರೂ ದಂಡ ಬೀಳುತ್ತಿದ್ದುದು ಅವಳಿಗೇ.

ತೀರ್ಮಾನವಾಯಿತು. ಅವಳ ಒಂದು ಮೇಕೆ ನಮ್ಮ ರೊಪ್ಪಕ್ಕೆ. ಹಟ್ಟಿಯ ಬೋರಿನಲ್ಲಿ ಅವಳು ನೀರು ಹಿಡಿಯುವಂತಿಲ್ಲ.

೧೧ ಡಿಸೆಂಬರ್, ಮಂಗಳವಾರ

ಮೇಕೆ ಬಂತು. ರಾತ್ರಿಯೆಲ್ಲ ಅದರ ಜೊತೆಯದು ಆ ಕಡೆಯಿಂದ ಕೂಗುವುದು, ಇದು ಈ ಕಡೆಯಿಂದ.

ಹಾಲು ಚೆನ್ನಾಗಿದೆ.

೧೪ ಡಿಸೆಂಬರ್, ಶುಕ್ರವಾರ

ಚಿಕ್ಕಕ್ಕ ಇನ್ನೊಂದು ಮೇಕೆ ಮಾರಿ, ಚಳ್ಳಕೆರೆಯ ಯಾವುದೋ ಎಣ್ಣೆ ಮಿಲ್ಲಿಗೆ ಕೂಲಿಗೆ ಹೋದಳಂತೆ. ಬಸ್ಸು ಹತ್ತುವ ಮುಂಚೆ ನಮ್ಮ ಮನೆಯ ಕಡೆ ಬಂದಿದ್ದಳು. ನಾನು ಒಳಗಿದ್ದೆ, ಹೊರಗೆ ಬರಲಿಲ್ಲ. ಭಾನುವಾರದಿಂದ ಅಜ್ಜಿ ಜ್ವರ ಬಂದು ಮಲಗಿದ್ದಾಳೆ. ಚಿಕ್ಕಕ್ಕ ಅವಳ ಹಣೆ ಮುಟ್ಟಿ ನೋಡಿ ಹೋದಳು.

ಶನಿವಾರದಿಂದ ಒಂದು ಮರಿಯೂ ಕಳೆದಿಲ್ಲ. ಹಟ್ಟಿಯಲ್ಲಿ ಎಲ್ಲರೂ ಅದನ್ನೇ ಆಡಿಕೊಳ್ಳುತ್ತಿದ್ದಾರೆ. ನನಗೂ ಮನಸ್ಸು ಹಗುರಾಗಿದೆ. ಅಪ್ಪ ಹೋದ ಮೇಲೆ ಇವತ್ತೇ ಮೊದಲ ಸಲ ಪುಸ್ತಕ ತೆಗೆದೆ.

೧೯ ಡಿಸೆಂಬರ್, ಬುಧವಾರ

ಅಜ್ಜಿಗೆ ಜ್ವರ ಬಿಟ್ಟು ಎರಡು ದಿನವಾಯಿತು. ಎದ್ದವಳೇ ಮತ್ತೆ 'ಅಮಾಸೀನಾ' ಎಂದು ಶುರು ಮಾಡಿದಳು. ಮಧ್ಯಾಹ್ನ ಹೂಂ ಅಂದಿದ್ದೆ. ಸಂಜೆ ಬೋರಿಗೆ ಹೋದರೆ ಕರೆಂಟು ಬಂದಿರಲಿಲ್ಲ. ಖಾಲಿ ಕೊಡ ಹಿಡಿದುಕೊಂಡು ಬೇಗ ತಿರುಗಿ ಬಂದೆ.

ಅಜ್ಜಿ ರೊಪ್ಪದ ಬಾಗಿಲು ಕಟ್ಟುತ್ತಿದ್ದಳು. ಎರಡು ಸುತ್ತು, ಬಾಲ ಒಳಗೆ, ಹಿಂದಕ್ಕೆ ಮಡಚಿ. ನೋಡದೆಯೇ ಕಟ್ಟಿದಳು, ತಲೆಗೂದಲು ಗಂಟು ಹಾಕುವ ಹಾಗೆ. ಕಂಬಳಿಯೊಳಗೆ ಒಂದು ಮರಿಯಿತ್ತು. ಬಂಡೆಗಳ ನಡುವೆ ನಡೆದು ಹೋದಳು. ನಾನು ಹಿಂದೆಯೇ ಹೋದೆ. ಕಾರೆ ಗಿಡದ ಬುಡದಲ್ಲಿ ಕೂತು ಮರಿಯನ್ನು ಕಟ್ಟಿದಳು. ಆ ಗಿಡಕ್ಕೆ ಆಗಲೇ ಆರು ತುಂಡು ಹಗ್ಗ ಇದ್ದವು. ಸುತ್ತ ಉಣ್ಣೆ, ಒಂದು ಗೊರಸು.

ಏನು ಮಾಡುತ್ತಿದ್ದೀಯ ಎಂದು ಕೇಳಿದೆ. ಅವಳಿಗೆ ಗಾಬರಿಯೇನೂ ಆಗಲಿಲ್ಲ.

"ವಾಡಿ ಭಾಗಂ ವಾಡಿಕಿ ಇಯ್ಯಾಲಿ," ಅಂದಳು. ಅವನ ಪಾಲು ಅವನಿಗೆ ಕೊಡಬೇಕು ಎಂದು. "ಅಮಾಸಿಗೆ ಒಂದು ಕೊಟ್ರೆ ಗುಡ್ಡದೋನು ರೊಪ್ಪಕ್ಕೆ ಬರಲ್ಲ. ನಮ್ಮತ್ತೆ ಕೊಡ್ತಿದ್ಲು. ನಿಮ್ಮಪ್ಪ ಬ್ಯಾಡ ಅಂತ ಬೈತಾನೆ, ಅದಕ್ಕೇ ಅವನಿಲ್ದಾಗ ಕೊಡೋದು. ಇವತ್ತು ಅಮಾಸಿ ಅಂತ ನೀನೇ ಅಂದ್ಯಲ್ಲೇ."

ಗುಡ್ಡದೋನು ಎಂದರೆ ತೋಳ. ಸಂಜೆಯ ಮೇಲೆ ಅದರ ಹೆಸರು ಹೇಳುವುದಿಲ್ಲ ಅಜ್ಜಿ.

ಮರಿಯನ್ನು ಬಿಚ್ಚಿಕೊಂಡೆ. ಅಜ್ಜಿ ಹಗ್ಗ ಬಿಡಲಿಲ್ಲ. ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು. ಕೊನೆಯ ಬೆರಳು ಸ್ವಲ್ಪ ಜೋರಾಗಿ ಬಿಡಿಸಿದೆ ಅನ್ನಿಸುತ್ತದೆ. ಈಗ ಊದಿಕೊಂಡಿದೆ.

೨೦ ಡಿಸೆಂಬರ್, ಗುರುವಾರ

ಹಿಂದಿನ ಪುಟಗಳನ್ನು ತಿರುವಿ ನೋಡಿದೆ. ನವೆಂಬರ್ ಹದಿನೈದು ನಿಜವಾದ ಅಮಾವಾಸ್ಯೆ. ಉಳಿದ ಐದು, ಇಲ್ಲಿ ಬರೆದವೂ ಬರೆಯದವೂ ಸೇರಿ, ನಾನು ಮಾಡಿದ ಅಮಾವಾಸ್ಯೆಗಳು.

ಏಕಾಂತಪ್ಪನವರ ಮನೆಗೆ ಹೋಗಿ ಹೇಳಬೇಕೆಂದು ಹೊರಟೆ. ಅವರ ಕಣದವರೆಗೆ ಹೋದೆ. ಅಲ್ಲಿ ನಿಂತು ಯೋಚಿಸಿದೆ. ಹೇಳಿದರೆ ಅಪ್ಪ ಕೇಳುವುದು ಒಂದೇ ಮಾತು: ಅಜ್ಜಿ ಆರು ಸಲ ರೊಪ್ಪದ ಬಾಗಿಲು ತೆಗೆಯುವಾಗ ನೀನೆಲ್ಲಿದ್ದೆ? ಕಳ್ಳತನವಾದರೆ ಅದು ನನ್ನ ತಪ್ಪಲ್ಲ. ಇದಾದರೆ ನನ್ನದೇ. ಮಾವನ ಮಗ ಕಾಯುತ್ತಿದ್ದಾನೆ.

ಚಿಕ್ಕಕ್ಕನಿಗೆ ಮಿಲ್ಲಿನಲ್ಲಿ ದಿನಗೂಲಿ ಸಿಗುತ್ತಿರಬೇಕು. ಇಲ್ಲಿ ಎರಡು ಮೇಕೆ ನಂಬಿ ಬದುಕುವುದಕ್ಕಿಂತ ಅದೇ ಮೇಲಲ್ಲವೇ? ಅಲ್ಲಿ ಮುಟ್ಟಿನ ದಿನ ಹೊರಗೆ ಕೂರಿಸುವವರೂ ಇಲ್ಲ.

ಕಣದಿಂದ ತಿರುಗಿ ಬಂದೆ. ಕಾರೆ ಗಿಡದ ಹಗ್ಗಗಳನ್ನು ಬಿಚ್ಚಿ ಒಲೆಗೆ ಹಾಕಿದೆ.

೨೪ ಡಿಸೆಂಬರ್, ಸೋಮವಾರ

ಅಜ್ಜಿಯ ಕಾಲಿಗೆ ಹಗ್ಗ ಕಟ್ಟಿ ಎರಡು ದಿನ ನೋಡಿದೆ. ಪ್ರಯೋಜನವಿಲ್ಲ. ಅವಳು ಬಿಚ್ಚಲಾರದ ಗಂಟೇ ಇಲ್ಲ.

ಇವತ್ತು ಅವಳು ಮಲಗುವ ಚಪ್ಪರದ ಮೂರು ಕಡೆಗೂ ಬೇಲಿ ಹಾಕಿದೆ. ನಾಲ್ಕನೆಯದು ಮನೆಯ ಗೋಡೆ. ಇದಕ್ಕೆ ರೊಪ್ಪದ ಹಾಗಲ್ಲ, ಬುಡ ಹೊರಕ್ಕೆ, ತುದಿ ಒಳಕ್ಕೆ ಇಡಬೇಕು. ಹೊರಗಿನಿಂದ ಬರುವವರು ಯಾರೂ ಇಲ್ಲವಲ್ಲ. ಎರಡೇ ಗಂಟೆಯಲ್ಲಿ ಮುಗಿಯಿತು. ಮುದ್ದೆ ತಟ್ಟೆ ತೂರಿಸಲು ಕೆಳಗೆ ಒಂದು ಕಂಡಿ ಬಿಟ್ಟಿದ್ದೇನೆ.

'ನಾಳೆ ಅಮಾಸಿ' ಅಂದರೆ ಸಾಕು ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ದಿನಕ್ಕೆ ಇಪ್ಪತ್ತು ಸಲ ಯಾರು ಅನ್ನುತ್ತಾರೆ? ಬೇಲಿ ಒಂದು ಸಲ ಹಾಕಿದರಾಯಿತು.

ಕೇಳಿದವರಿಗೆಲ್ಲ, ಬಂಡೆ ಕಡೆ ಹೋಗಿ ಬಿದ್ದು ಸೊಂಟ ಮುರಿದುಕೊಂಡಾಳು ಅಂತ ಹೀಗೆ ಮಾಡಿದೆ ಅಂದೆ. ಏಕಾಂತಪ್ಪನವರು ನೋಡಿ, ಒಳ್ಳೇದು ಮಾಡಿದೆ ಅಂದರು. ಈಗೀಗ ಅವರ ಜೊತೆ ಮಾತಾಡಲು ನನಗೆ ಅಷ್ಟೇನೂ ಸಂಕೋಚವಾಗುವುದಿಲ್ಲ.

೬ ಜನವರಿ ೨೦೦೨, ಭಾನುವಾರ

ಬೆಳಿಗ್ಗೆ ನೋಡಿದರೆ ರೊಪ್ಪದ ಗುಡ್ಡದ ಕಡೆಯ ಬುಡದಲ್ಲಿ ಮಣ್ಣು ಕೆರೆದಿತ್ತು. ಎರಡು ಕಲ್ಲು ಹೊರಗೆ ಉರುಳಿದ್ದವು. ಹೆಜ್ಜೆಗಳು ದೊಡ್ಡವು, ಎರಡು ಜೋಡಿ. ವಾರಗಟ್ಟಲೆ ತೋಳಗಳಿಗೆ ಬಂಡೆಯ ಹತ್ತಿರ ಕೂತಲ್ಲೇ ಮರಿ ಸಿಗುತ್ತಿತ್ತು. ಈಗ ಸಿಗುತ್ತಿಲ್ಲ. ಕೇಳಲು ಬಂದಿವೆ.

ಇಡೀ ದಿನ ಬೇಲಿಯ ಸುತ್ತ ಮೊಳದುದ್ದ ಆಳಕ್ಕೆ ಕಾಲುವೆ ತೆಗೆದೆ. ಅದರೊಳಗೆ ಕಲ್ಲು ನಿಲ್ಲಿಸಿ ಮಣ್ಣು ತುಳಿದೆ. ಹೊರಗೊಂದು ಸುತ್ತು ಹೊಸ ಮುಳ್ಳು ಹಾಕಿದೆ. ಮೇಲಿನ ಸಾಲನ್ನು ಹೊರಕ್ಕೆ ಬಾಗಿಸಿದೆ, ಹಾರಲು ಬಂದರೆ ಎದೆಗೇ ಚುಚ್ಚಬೇಕು. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ, ನಾನೇ ಯೋಚಿಸಿದ್ದು. ಅಂಗೈ ಗಟ್ಟಿಯಾಗಿದೆ. ಮುಳ್ಳು ಚುಚ್ಚಿದ್ದು ರಕ್ತ ಕಂಡ ಮೇಲೆಯೇ ಗೊತ್ತಾಗುತ್ತದೆ.

ಅಜ್ಜಿ ಕಂಡಿಯಿಂದ ನೋಡುತ್ತಿದ್ದಳು. "ನೀನು ಪಾಲು ಕೊಡ್ಲಿಲ್ಲ, ಅದಕ್ಕೇ ಅವನೇ ಬಂದ," ಅಂದಳು.

"ಸುಮ್ಕಿರು. ಇನ್ನೊಂದ್ಸಲ ಅಂದ್ರೆ ನಿನ್ನೇ ಕೊಡ್ತೀನಿ."

ತಮಾಷೆಗೆ ಅಂದೆ ಎಂದುಕೊಂಡು ನಕ್ಕಳು.

೧೫ ಜನವರಿ, ಮಂಗಳವಾರ

ಸಂಕ್ರಾಂತಿ ಹೋಯಿತು. ಮೂವತ್ತೈದು.

ಈ ವಾರ ಎರಡು ಸಲ ಬಂದಿದ್ದವು. ಬೇಲಿ ಅಲುಗಿಲ್ಲ. ಒಂದರ ಕಾಲಿಗೆ ಮುಳ್ಳು ಮುರಿದಿರಬೇಕು, ಮೂರು ಕಾಲಿನ ಗುರುತು ಬಂಡೆಯವರೆಗೆ ಹೋಗಿದೆ. ಬಹಳ ಹೊತ್ತು ಸಂತೋಷವಾಗಿತ್ತು.

೨೮ ಜನವರಿ, ಸೋಮವಾರ

ಮೂವತ್ತೈದು. ಅಜ್ಜಿ ಇವತ್ತು ಒಂದು ಸಲವೂ ಕೇಳಲಿಲ್ಲ.

೯ ಫೆಬ್ರವರಿ, ಶನಿವಾರ

ಸಿದ್ದಾಪುರದ ಅಂಗಡಿಗೆ ಅಪ್ಪ ಫೋನ್ ಮಾಡಿದ್ದನಂತೆ. ಗುರುವಾರ ಬರುತ್ತಾರೆ.

ಚಪ್ಪರದ ಬೇಲಿ ಕಿತ್ತೆ. ಮುಳ್ಳು ಒಣಗಿತ್ತು, ಸೌದೆಗೆ ಆಗುತ್ತದೆ. ಅಜ್ಜಿಯ ತೋಳು, ಮೊಣಕೈಯ ಗೀರುಗಳಿಗೆ ಅರಿಶಿನ ಎಣ್ಣೆ ಹಚ್ಚಿ, ಅವ್ವನ ಉದ್ದ ತೋಳಿನ ಕುಪ್ಪಸ ತೊಡಿಸಿದೆ. ತಲೆ ಬಾಚಿದೆ. ಬಾಚಣಿಗೆ ಎತ್ತಿದಾಗ ಕೈ ಅಡ್ಡ ಹಿಡಿದಳು.

ಬೇಲಿ ತೆಗೆದ ಮೇಲೆ ಎಲ್ಲಿ ಹೋಗುತ್ತಾಳೋ ಎಂದು ನೋಡುತ್ತಿದ್ದೆ. ಬೇಲಿಯಿದ್ದ ಜಾಗದವರೆಗೆ ಬಂದು ನಿಲ್ಲುತ್ತಾಳೆ, ದಾಟುವುದಿಲ್ಲ. ಅದೊಂದು ಚಿಂತೆ ಕಳೆಯಿತು.

೧೪ ಫೆಬ್ರವರಿ, ಗುರುವಾರ

ಅಪ್ಪ, ಅವ್ವ ಬಂದರು. ಅಪ್ಪ ಬಿಸಿಲಿಗೆ ಇನ್ನಷ್ಟು ಕರಿಯಾಗಿದ್ದಾನೆ. ಕಂಬಳಿ ಇಳಿಸುವ ಮೊದಲೇ ರೊಪ್ಪದ ಮುಂದೆ ನಿಂತು, ತುಟಿ ಅಲ್ಲಾಡಿಸದೆ ಎಣಿಸಿದ. ಆಮೇಲೆ ಮೇಕೆ ಯಾರದ್ದು ಅಂದ.

ಹೇಳಿದೆ. ಸಲೀಸಾಗಿ ಹೇಳಿದೆ, ಎಲ್ಲೂ ತಡವರಿಸಲಿಲ್ಲ. ಗಂಟು, ಕಟ್ಟೆ, ತೀರ್ಮಾನ, ಅವಳು ಹೋದ ಮೇಲೆ ಒಂದೂ ಕಳೆಯದಿದ್ದದ್ದು. ಅಪ್ಪ ಚಪ್ಪರದ ಕಂಬಕ್ಕೆ ಒರಗಿ ಕೂತು ಕೇಳಿದ.

"ಚಿಕ್ಕಕ್ಕ ಹಂಗ್ ಮಾಡೋ ಪೈಕಿ ಅಲ್ವಲ್ಲೇ."

"ದೀಪ ಆರ್ಸು ಅಂದ್ರೆ ಆರ್ಸ್ಲಿಲ್ಲ ಕಣಪ್ಪ."

ಆಗ ಅಜ್ಜಿ ಒಳಗಿನಿಂದ ಎದ್ದು ಬಂದಳು. ಬೇಲಿಯಿದ್ದ ತನ್ನ ಗೆರೆಯವರೆಗೆ ಬಂದು ನಿಂತು, ಅಪ್ಪನನ್ನು ಹೆಸರು ಹಿಡಿದು ಕರೆದಳು. ಎಷ್ಟೋ ತಿಂಗಳಿಂದ ಅವಳ ಬಾಯಲ್ಲಿ ಅಷ್ಟು ಸ್ಪಷ್ಟವಾದ ಮಾತು ಕೇಳಿರಲಿಲ್ಲ.

"ದೊಡ್ಡೀರಾ, ಮರಿ ಕೊಟ್ಟಿದ್ದು ನಾನು ಕಣೋ. ಗುಡ್ಡದೋನಿಗೆ. ಚಿಕ್ಕಕ್ಕ ಮುಟ್ಟಿಲ್ಲ. ಈ ಹುಡುಗಿ ನನ್ನ ಮುಳ್ಳಾಗೆ ಕೂಡಿದ್ಲು."

ಅವ್ವನ ಕೈಯಲ್ಲಿದ್ದ ಚೊಂಬು ಹಾಗೇ ನಿಂತಿತು. ಅಪ್ಪ ಅಜ್ಜಿಯನ್ನು ನೋಡಿದ, ಆಮೇಲೆ ನನ್ನನ್ನು.

"ಏನವ್ವಾ ಪುಷ್ಪಾ, ಏನಂತಾಳೆ ಇವಳು?"

"ದಿನಾ ಒಂದೊಂದು ಅಂತಾಳಪ್ಪ," ಅಂದೆ. "ನಿನ್ನೆ ತಾತ ಬಂದು ಉಂಡು ಹೋದ ಅಂದ್ಲು."

ಅದು ನಿಜ. ನಿನ್ನೆ ಹಾಗೇ ಅಂದಿದ್ದಳು.

ಅಪ್ಪ ಉಸಿರು ಬಿಟ್ಟು ನಕ್ಕ. ಪೂರಾ ಅರಳು ಮರಳು ಅಂದ. ಅವ್ವನೂ ನಕ್ಕಳು. ನಾನೂ ನಕ್ಕೆ. ಎಲ್ಲರೂ ನಗುವುದನ್ನು ಒಬ್ಬೊಬ್ಬರಾಗಿ ನೋಡಿ ಅಜ್ಜಿಯೂ ನಕ್ಕಳು.

ಆಮೇಲೆ ಅಪ್ಪ ರೊಪ್ಪದ ಸುತ್ತ ಹೋಗಿ ಬುಡದ ಕಲ್ಲನ್ನು ಕಾಲಿನಿಂದ ಒದ್ದು ನೋಡಿದ. ಅಲುಗಲಿಲ್ಲ. ಗಂಡು ಮಗನಾಗಿದ್ದರೂ ಇಂಥ ಬೇಲಿ ಹಾಕುತ್ತಿರಲಿಲ್ಲ ಎಂದು ಅವ್ವನಿಗೆ ಹೇಳಿದ. ನನಗೆ ಕೇಳಲಿ ಎಂದೇ ಹೇಳಿದ. ಬಿ.ಎಡ್ಡಿಗೆ ಏನೇನು ಕಾಗದ ಬೇಕೋ ನೋಡಿಕೋ ಅಂದ. ಹೂಂ ಅಂದೆ.

೨೬ ಫೆಬ್ರವರಿ, ಮಂಗಳವಾರ

ಅಂಕಪಟ್ಟಿ ತರಲು ಚಳ್ಳಕೆರೆಗೆ ಹೋಗಿದ್ದೆ. ಕಾಲೇಜಿನ ಗುಮಾಸ್ತರು ನಾಳೆ ಬಾ ಅಂದರು. ನಾಳೆ ಬರಲಾಗುವುದಿಲ್ಲ, ಈಗಲೇ ಕೊಡಿ ಎಂದು ನಿಂತೆ. ಕೊಟ್ಟರು.

ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹೆಸರು ಹಿಡಿದು ಕೂಗಿದರು. ಚಿಕ್ಕಕ್ಕ. ತಲೆ, ಹುಬ್ಬು, ಎಲ್ಲದರ ಮೇಲೂ ಶೇಂಗಾ ಸಿಪ್ಪೆಯ ಧೂಳು. ಬಡವಾಗಿದ್ದಾಳೆ, ಕೆಮ್ಮುತ್ತಾಳೆ. ನಾನು ಬಸ್ಸಿನ ಕಡೆ ತಿರುಗಿದ್ದೆ. ಅವಳೇ ಓಡಿ ಬಂದು ಕೈ ಹಿಡಿದುಕೊಂಡಳು.

ಅತ್ತೆ ಹೇಗಿದ್ದಾಳೆ, ಇನ್ನೂ ಅಮಾಸಿ ಕೇಳುತ್ತಾಳಾ ಅಂದಳು. ಇಲ್ಲ ಅಂದೆ. ಮರಿ ಕದ್ದವರು ಸಿಕ್ಕರಾ ಅಂದಳು. ಇಲ್ಲ ಅಂದೆ.

"ಸಿಗ್ತಾರೆ ಬಿಡು. ಅವತ್ತು ನೀನೇನ್ ಮಾಡ್ತೀಯಾ, ಮೊದ್ಲೇ ನಾಚ್ಕೆ ಸ್ವಭಾವದ ಹುಡುಗಿ. ಅಷ್ಟು ಗಂಡಸ್ರ ಮುಂದೆ ಹೆಂಗೆ ಬಾಯಿ ಬಿಡ್ತೀಯಾ. ನಂಗೇನ್ ಬೇಜಾರಿಲ್ಲ ಕಣವ್ವಾ."

ಡ್ರೈವರ್ ಹತ್ತಿದ. ಇರು ಇರು ಎಂದು ಓಡಿಹೋಗಿ ಒಂದು ಕಾಗದದ ಪೊಟ್ಟಣ ತಂದು ಕಿಟಕಿಯಿಂದ ಕೊಟ್ಟಳು. ಅತ್ತೆಗೆ ಕೊಡು, ನಾನು ಕೊಟ್ಟೆ ಅಂತ ಹೇಳು, ಮರೆತುಹೋಗಿದ್ದರೂ ಹೇಳು ಅಂದಳು.

ತಳಕು ದಾಟಿದ ಮೇಲೆ ಹಸಿವಾಯಿತು. ಬಿಚ್ಚಿ ನೋಡಿದೆ. ಶೇಂಗಾ ಉಂಡೆ, ಮೂರು. ಅಜ್ಜಿಗೆ ಅಗಿಯಲು ಆಗುವುದಿಲ್ಲವೆಂದು ನುಣ್ಣಗೆ ಕುಟ್ಟಿ ಕಟ್ಟಿದ್ದಳು. ಮನೆಗೆ ಒಯ್ದರೆ ಯಾರು ಕೊಟ್ಟರೆಂದು ಅಪ್ಪ ಕೇಳುತ್ತಾನೆ. ಹಾನಗಲ್ ಬರುವಷ್ಟರಲ್ಲಿ ಮೂರನ್ನೂ ತಿಂದು ಮುಗಿಸಿ, ಕಾಗದವನ್ನು ಕಿಟಕಿಯಿಂದ ಆಚೆ ಬಿಟ್ಟೆ.

ಬೆಲ್ಲ ಸ್ವಲ್ಪ ಜಾಸ್ತಿಯಾಗಿತ್ತು.